ಸೌದೆಯಿಂದ ಓಡುವ ಎಂಜಿನ್: ಒಂದು ಜಮಾ-ಖರ್ಚು

ಸೌದೆಯಿಂದ ಮನೆಯಲ್ಲಿ ರೊಟ್ಟಿ ಬೇಯುತ್ತದೆ, ಮದುವೆ ಮನೆಯಲ್ಲಿ ಬಿರಿಯಾನಿಯ ದೇಗ್ ಬೇಯುತ್ತದೆ. ಅದೇ ಸೌದೆಯಿಂದ ಹಿಟ್ಟಿನ ಗಿರಣಿಯ ಎಂಜಿನ್ನನ್ನೂ ಓಡಿಸಬಹುದು. ಇದರಲ್ಲಿ ಮಾಟವಿಲ್ಲ, ಮೋಸವೂ ಇಲ್ಲ. ಆದರೆ ಇದು ಪುಕ್ಕಟೆ ಇಂಧನವೂ ಅಲ್ಲ. ಈ ಲೇಖನದಲ್ಲಿ ಸೌದೆ ಗ್ಯಾಸ್ ಹೇಗೆ ತಯಾರಾಗುತ್ತದೆ, ಹಳೆಯ ಎಂಜಿನ್ನನ್ನು ಹೇಗೆ ರಿಪೇರಿ ಮಾಡಿ ಅದಕ್ಕೆ ಹೊಂದಿಸುತ್ತಾರೆ, ಕೊನೆಗೆ ಅದು ಲಾಭವೋ ನಷ್ಟವೋ ಎಂಬುದನ್ನು ಬರೆಯುತ್ತಿದ್ದೇನೆ. ನಾನು ಕಾಮರ್ಸ್ ವಿದ್ಯಾರ್ಥಿನಿ. ಹಾಗಾಗಿ ನನ್ನ ಕಣ್ಣು ಕೊನೆಯ ಪ್ರಶ್ನೆಯ ಮೇಲೆಯೇ ಹೆಚ್ಚು.

ಈ ವಿಷಯ ನಮ್ಮ ಮನೆಗೆ ಬಂದದ್ದು ನಾನಾರ ಗಿರಣಿಯಿಂದ. ಕುಣಿಗಲ್ ಕಡೆ ಅವರದೊಂದು ಹಿಟ್ಟಿನ ಗಿರಣಿ ಇದೆ. ಈಗ ಅದನ್ನು ಮಾಮೂ ನೋಡಿಕೊಳ್ಳುತ್ತಾರೆ. ಕರೆಂಟ್ ಮೋಟಾರು ಬಂದ ಮೇಲೆ ಹಳೆಯ ಡೀಸೆಲ್ ಎಂಜಿನ್ ಹಿಂದಿನ ಶೆಡ್ಡಿನಲ್ಲಿ ವರ್ಷಗಟ್ಟಲೆ ಧೂಳು ತಿನ್ನುತ್ತಾ ನಿಂತಿತ್ತು. ಗುಜರಿಯವರು ಕಿಲೋ ಲೆಕ್ಕದಲ್ಲಿ ಕೇಳಿದ್ದರು. ಕೊಟ್ಟುಬಿಡೋಣ ಎಂದು ಅಬ್ಬಾ ಹೇಳಿದರು. ಮಾಮೂ ಒಪ್ಪಲಿಲ್ಲ. "ಕರೆಂಟ್ ಹೋದಾಗ ಜನ ರಾಗಿ ವಾಪಸ್ ತೆಗೆದುಕೊಂಡು ಹೋಗುತ್ತಾರೆ. ಇದನ್ನು ರಿಪೇರಿ ಮಾಡಿ ಸೌದೆ ಗ್ಯಾಸಿಗೆ ತಿರುಗಿಸಿದರೆ ಡೀಸೆಲ್ ಖರ್ಚೂ ಉಳಿಯುತ್ತದೆ" ಎಂದರು. ನಾನಿಯವರು ಯಾರ ಪಕ್ಷವನ್ನೂ ಹಿಡಿಯದೆ, "ಲೆಕ್ಕ ಹಾಕೋರು ಮನೆಯಲ್ಲಿ ಇದ್ದಾರಲ್ಲ, ಅವಳನ್ನೇ ಕೇಳಿ" ಎಂದು ನನ್ನ ಕಡೆ ಕೈ ತೋರಿಸಿದರು. ಹೀಗೆ ನಾನು ಓದಲು ಶುರು ಮಾಡಿದೆ.

ಇದು ಹೊಸ ವಿದ್ಯೆಯಲ್ಲ

ಎರಡನೇ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲ್ ಸೈನ್ಯಕ್ಕೆ ಹೋಗುತ್ತಿತ್ತು. ಜನಸಾಮಾನ್ಯರ ಬಸ್ಸು, ಲಾರಿಗಳಿಗೆ ಇಂಧನವೇ ಇಲ್ಲದಂತಾಯಿತು. ಆಗ ಯುರೋಪಿನಲ್ಲಿ ವಾಹನಗಳ ಹಿಂಬದಿಗೋ ಪಕ್ಕಕ್ಕೋ ದೊಡ್ಡ ಡ್ರಮ್ಮಿನಂಥ ಒಲೆ ಕಟ್ಟಿ, ಅದರೊಳಗೆ ಸೌದೆ ತುಂಬಿ ಬರುವ ಗ್ಯಾಸಿನಿಂದ ಓಡಿಸಿದರು. ಫ್ರಾನ್ಸಿನ ಜಾರ್ಜ್ ಇಂಬರ್ಟ್ ರೂಪಿಸಿದ ಒಲೆ ಇದರಲ್ಲಿ ಬಹಳ ಹೆಸರು ಮಾಡಿತು. ಯುದ್ಧ ಮುಗಿಯುವ ಹೊತ್ತಿಗೆ ಜಗತ್ತಿನಲ್ಲಿ ಹೆಚ್ಚುಕಡಿಮೆ ಹತ್ತು ಲಕ್ಷ ವಾಹನಗಳು ಹೀಗೆ ಓಡುತ್ತಿದ್ದವು ಎಂಬ ಅಂದಾಜಿದೆ.

ನಮ್ಮಲ್ಲೂ ಅದೇ ಕಾಲದಲ್ಲಿ ಇದ್ದಿಲಿನ ಬಸ್ಸುಗಳಿದ್ದವು. ಹೊರಡುವ ಮೊದಲು ಕ್ಲೀನರ್ ಹಿಂದೆ ನಿಂತು ಗಾಳಿ ಚಕ್ರ ತಿರುಗಿಸಿ ಇದ್ದಿಲು ಕೆಂಡವಾಗುವಂತೆ ಮಾಡಬೇಕಿತ್ತು. ಏರು ಬಂದರೆ ಪ್ರಯಾಣಿಕರು ಇಳಿದು ತಳ್ಳಿದ ಕತೆಗಳನ್ನು ಹಳಬರು ಹೇಳುತ್ತಾರೆ. ಯುದ್ಧ ಮುಗಿದು ಪೆಟ್ರೋಲ್ ಸಿಗತೊಡಗಿದ ಮೇಲೆ ಈ ಒಲೆಗಳು ಬೇಗನೆ ಮಾಯವಾದವು. ಇದನ್ನು ಗಮನಿಸಿ: ಬೇರೆ ದಾರಿ ಇಲ್ಲದಾಗ ಜನ ಇದನ್ನು ಹಿಡಿದರು, ದಾರಿ ಸಿಕ್ಕಿದಾಗ ಬಿಟ್ಟರು. ಕಾರಣ ಮುಂದೆ ಲೆಕ್ಕದಲ್ಲಿ ತಿಳಿಯುತ್ತದೆ.

ಸೌದೆ ಗ್ಯಾಸ್ ಹೇಗಾಗುತ್ತದೆ?

ಇದ್ದಿಲಿನ ಸಿಗಡಿ ಚೆನ್ನಾಗಿ ಹತ್ತಿದಾಗ ಕೆಂಡದ ಮೇಲೆ ತೆಳುವಾದ ನೀಲಿ ಜ್ವಾಲೆ ಆಡುವುದನ್ನು ನೀವು ನೋಡಿರಬಹುದು. ಅದು ಕಾರ್ಬನ್ ಮೊನಾಕ್ಸೈಡ್ ಎಂಬ ಗ್ಯಾಸ್ ಉರಿಯುವುದು. ಆ ಗ್ಯಾಸನ್ನು ಅಲ್ಲೇ ಉರಿಯಲು ಬಿಡದೆ ಪೈಪಿನಲ್ಲಿ ಎಳೆದುಕೊಂಡು ಹೋಗಿ ಎಂಜಿನ್ನಿನೊಳಗೆ ಉರಿಸುವುದೇ ಇಡೀ ವಿದ್ಯೆಯ ಗುಟ್ಟು.

ಗ್ಯಾಸ್ ತಯಾರಿಸುವ ಒಲೆಗೆ ಗ್ಯಾಸಿಫೈಯರ್ ಎನ್ನುತ್ತಾರೆ. ಎತ್ತರದ ಡ್ರಮ್ಮು, ಮೇಲಿನಿಂದ ಸೌದೆ ತುಂಡು ಹಾಕುತ್ತಾರೆ, ಕೆಳಗಿನಿಂದ ಗ್ಯಾಸ್ ಎಳೆಯುತ್ತಾರೆ. ಸೌದೆ ಕೆಳಗಿಳಿಯುತ್ತಾ ನಾಲ್ಕು ಹಂತ ದಾಟುತ್ತದೆ.

ಮೊದಲನೆಯದು ಒಣಗುವ ಹಂತ. ಉಳಿದಿರುವ ನೀರಿನಂಶ ಆವಿಯಾಗುತ್ತದೆ. ಎರಡನೆಯದರಲ್ಲಿ ಶಾಖಕ್ಕೆ ಸೌದೆ ಒಡೆದು ಒಂದು ಕಡೆ ಇದ್ದಿಲು, ಇನ್ನೊಂದು ಕಡೆ ಹೊಗೆ ಮತ್ತು ಟಾರ್ ಆಗುತ್ತದೆ. ಟಾರ್ ಎಂದರೆ ರಸ್ತೆಯ ಡಾಂಬರಿನಂತೆ ಅಂಟುವ ಕಪ್ಪು ಪದಾರ್ಥ. ಮೂರನೆಯ ಹಂತದಲ್ಲಿ ಅಳತೆಯಷ್ಟೇ ಗಾಳಿ ಸಿಕ್ಕಿ ಒಂದು ಭಾಗ ನಿಜವಾಗಿಯೂ ಉರಿಯುತ್ತದೆ. ಅಲ್ಲಿ ಶಾಖ 1,000 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ, ಟಾರಿನ ಬಹುಪಾಲು ಅಲ್ಲೇ ಒಡೆಯುತ್ತದೆ. ನಾಲ್ಕನೆಯ ಹಂತದಲ್ಲಿ ಬಿಸಿ ಇಂಗಾಲದ ಡೈಆಕ್ಸೈಡ್ ಮತ್ತು ನೀರಿನ ಆವಿ ಕೆಂಡದ ನಡುವೆ ಹಾದುಹೋಗುತ್ತವೆ. ಕೆಂಡದಲ್ಲಿರುವ ಇಂಗಾಲ ಅವುಗಳಿಂದ ಆಮ್ಲಜನಕವನ್ನು ಕಿತ್ತುಕೊಳ್ಳುತ್ತದೆ. ಆಗ ಉಳಿಯುವುದು ಕಾರ್ಬನ್ ಮೊನಾಕ್ಸೈಡ್ ಮತ್ತು ಜಲಜನಕ. ಎರಡೂ ಉರಿಯುವ ಅನಿಲಗಳು.

ಹೀಗೆ ಬಂದ ಗ್ಯಾಸಿನಲ್ಲಿ ಸುಮಾರು ಶೇ. 20ರಷ್ಟು ಕಾರ್ಬನ್ ಮೊನಾಕ್ಸೈಡ್, ಅದಕ್ಕಿಂತ ಸ್ವಲ್ಪ ಕಡಿಮೆ ಜಲಜನಕ, ಒಂದೆರಡು ಭಾಗ ಮೀಥೇನ್ ಇರುತ್ತವೆ. ಹತ್ತಿರ ಹತ್ತಿರ ಅರ್ಧದಷ್ಟು ಉರಿಯದ ಸಾರಜನಕ. ಅದು ಗಾಳಿಯ ಜೊತೆ ಬಂದದ್ದು, ಬಂದ ಹಾಗೆಯೇ ಹೋಗುತ್ತದೆ. ಆದ್ದರಿಂದ ಈ ಗ್ಯಾಸ್ ಬಡಕಲು. ಒಂದು ಘನ ಮೀಟರಿನಲ್ಲಿ 5 ಮೆಗಾಜೂಲ್‌ನಷ್ಟು ಶಕ್ತಿ ಮಾತ್ರ. ಸಹಜ ಅನಿಲದಲ್ಲಿ ಇದರ ಏಳು ಪಟ್ಟು ಇರುತ್ತದೆ.

ಸೌದೆ ಒಣಗಿರಲೇಬೇಕು. ನೀರಿನಂಶ ಶೇ. 20ಕ್ಕಿಂತ ಕಡಿಮೆ ಇದ್ದರೆ ಒಳ್ಳೆಯದು. ಹಸಿ ಸೌದೆ ಹಾಕಿದರೆ ಒಲೆಯ ಶಾಖ ಇಳಿದು ಟಾರ್ ಹೆಚ್ಚುತ್ತದೆ. ತುಂಡುಗಳೂ ಚಿಕ್ಕದಾಗಿ, ಒಂದೇ ಅಳತೆಯಲ್ಲಿರಬೇಕು. ಇಲ್ಲದಿದ್ದರೆ ಒಳಗೆ ಸಿಕ್ಕಿಕೊಂಡು ಟೊಳ್ಳು ಬೀಳುತ್ತದೆ. ಬಳ್ಳಾರಿ ಜಾಲಿ, ನೀಲಗಿರಿ ಮತ್ತು ನಮ್ಮ ತುಮಕೂರು ಕಡೆ ಧಾರಾಳವಾಗಿ ಸಿಗುವ ತೆಂಗಿನ ಚಿಪ್ಪು ಇದಕ್ಕೆ ಆಗಿಬರುತ್ತವೆ.

ಹಳೆಯ ಎಂಜಿನ್ನೇ ಏಕೆ?

ಶೆಡ್ಡಿನಲ್ಲಿ ಇದ್ದದ್ದು ಲಿಸ್ಟರ್ ಮಾದರಿಯ ಒಂಟಿ ಸಿಲಿಂಡರಿನ ಎಂಜಿನ್. 6 ಎಚ್.ಪಿ., ನಿಮಿಷಕ್ಕೆ 650 ಸುತ್ತು. ಇಂಗ್ಲೆಂಡಿನ ಡರ್ಸ್ಲಿ ಊರಿನ ಲಿಸ್ಟರ್ ಕಂಪನಿ 1930ರ ಸುಮಾರಿನಿಂದ ತಯಾರಿಸಿದ ಎಂಜಿನ್ ಇದು. ಅದೇ ನಮೂನೆಯನ್ನು ಗುಜರಾತಿನ ರಾಜ್‌ಕೋಟ್‌ನಲ್ಲಿ ದಶಕಗಳ ಕಾಲ ತಯಾರಿಸಿದರು. ಎರಡು ದೊಡ್ಡ ಫ್ಲೈವೀಲ್, ಮುನ್ನೂರು ಕಿಲೋಗೂ ಹೆಚ್ಚು ತೂಕ. ಹಳ್ಳಿಯ ಗಿರಣಿಗಳಲ್ಲಿ ಟುಕ್... ಟುಕ್... ಎಂದು ನಿಧಾನಕ್ಕೆ ಕೇಳಿಸುತ್ತಿದ್ದ ಸದ್ದು ಇಂಥ ಎಂಜಿನ್‌ಗಳದ್ದು.

ನಿಧಾನವಾಗಿ ತಿರುಗುವುದರಿಂದ ಬಡಕಲು ಗ್ಯಾಸ್ ಉರಿಯಲು ಸಾಕಷ್ಟು ಸಮಯ ಸಿಗುತ್ತದೆ. ಭಾರವಾದ ಫ್ಲೈವೀಲ್ ಇರುವುದರಿಂದ ಗ್ಯಾಸ್ ಸ್ವಲ್ಪ ಏರುಪೇರಾದರೂ ಎಂಜಿನ್ ಮುಗ್ಗರಿಸುವುದಿಲ್ಲ. ಬಿಡಿಭಾಗಗಳು ಕಡಿಮೆ, ಎಲ್ಲವೂ ಕೈಗೆಟಕುವಂತೆ ಇವೆ. ಟಾರ್ ಹಿಡಿದರೆ ಹೆಡ್ ಇಳಿಸಿ ಅಲ್ಲೇ ಉಜ್ಜಿ ತೊಳೆಯಬಹುದು.

ರಿಪೇರಿಯನ್ನು ಮಾಮೂ ಮತ್ತು ಅವರ ಪರಿಚಯದ ಒಬ್ಬ ಮೆಕ್ಯಾನಿಕ್ ಚಾಚಾ ಮಾಡಿದರು. ನಾನು ಖರ್ಚು ಬರೆಯುತ್ತಾ ನೋಡಿದೆ. ಪಿಸ್ಟನ್ ಜಾಮ್ ಆಗಿತ್ತು. ಚಾಚಾ ಸುತ್ತಿಗೆ ಮುಟ್ಟಲಿಲ್ಲ. ನಾಜಲ್ ಬಿಚ್ಚಿ ಸಿಲಿಂಡರಿನೊಳಗೆ ಡೀಸೆಲ್ ಮತ್ತು ಆಯಿಲ್ ಸುರಿದು ನಾಲ್ಕು ದಿನ ಬಿಟ್ಟರು. ಆಮೇಲೆ ಫ್ಲೈವೀಲನ್ನು ಹಿಂದಕ್ಕೆ ಮುಂದಕ್ಕೆ ಸ್ವಲ್ಪ ಸ್ವಲ್ಪವೇ ಅಲುಗಾಡಿಸಿ ಬಿಡಿಸಿದರು. ನಂತರ ಹೆಡ್ ಇಳಿಸಿ, ವಾಲ್ವುಗಳನ್ನು ಪೇಸ್ಟ್ ಹಾಕಿ ಕೂರಿಸಿದರು. ರಿಂಗು ಬದಲಾಯಿತು, ಹೆಡ್ ಪ್ಯಾಕಿಂಗ್ ಹೊಸದಾಯಿತು. ನಾಜಲನ್ನು ಪಟ್ಟಣಕ್ಕೆ ಕಳುಹಿಸಿ ಪ್ರೆಶರ್ ನೋಡಿಸಿಕೊಂಡು ಬಂದರು. ಅಡಿಯ ಆಯಿಲ್ ಚೇಂಬರನ್ನು ಕೆರೆದು ತೊಳೆದಾಗ ಹಳೆಯ ಕೆಸರು ಡಬ್ಬಿಗಟ್ಟಲೆ ಬಂತು. "ಹೊರಗಿನ ತುಕ್ಕಿಗೆ ಹೆದರಬೇಡ ಬೇಟಾ, ಒಳಗಿನ ಕೊಳೆಯೇ ಎಂಜಿನ್ನನ್ನು ಕೊಲ್ಲುವುದು" ಎಂದರು ಚಾಚಾ.

ಡಿಕಂಪ್ರೆಶನ್ ಲಿವರ್ ಎತ್ತಿ, ಹ್ಯಾಂಡಲ್ ಹಾಕಿ ತಿರುಗಿಸಿ, ವೇಗ ಬಂದಾಗ ಲಿವರ್ ಬಿಟ್ಟರೆ ಎಂಜಿನ್ ಡೀಸೆಲ್‌ನಲ್ಲಿ ಶುರುವಾಯಿತು. ಯಾವ ಪರಿವರ್ತನೆಗೂ ಇದು ಮೊದಲ ಷರತ್ತು. ಡೀಸೆಲ್‌ನಲ್ಲಿ ನೆಟ್ಟಗೆ ಓಡದ ಎಂಜಿನ್ ಗ್ಯಾಸಿನಲ್ಲಿ ಓಡುವುದಿಲ್ಲ.

ಗ್ಯಾಸನ್ನು ಎಂಜಿನ್ನಿಗೆ ಕೊಡುವುದು

ಒಲೆಯಿಂದ ಬಂದ ಗ್ಯಾಸ್ ಬಿಸಿಯಾಗಿಯೂ ಕೊಳಕಾಗಿಯೂ ಇರುತ್ತದೆ. ಅದನ್ನು ನೀರು ಚಿಮ್ಮಿಸಿ ತಣ್ಣಗಾಗಿಸಬೇಕು, ಮರಳಿನ ಹಾಸಿನಲ್ಲಿ ಸೋಸಬೇಕು. ಬಿಸಿ ಗ್ಯಾಸ್ ಹಿಗ್ಗಿರುವುದರಿಂದ ಸಿಲಿಂಡರಿಗೆ ಹಿಡಿಸುವುದು ಕಡಿಮೆ. ಸೋಸದ ಗ್ಯಾಸಿನಲ್ಲಿ ಟಾರ್ ಉಳಿದರೆ ವಾಲ್ವ್ ಅಂಟಿಕೊಳ್ಳುತ್ತದೆ.

ಡೀಸೆಲ್ ಎಂಜಿನ್‌ನಲ್ಲಿ ಸ್ಪಾರ್ಕ್ ಪ್ಲಗ್ ಇಲ್ಲ. ಒತ್ತಡದ ಶಾಖಕ್ಕೆ ಡೀಸೆಲ್ ತಾನೇ ಹೊತ್ತಿಕೊಳ್ಳುತ್ತದೆ. ಸೌದೆ ಗ್ಯಾಸ್ ಹಾಗೆ ಹೊತ್ತಿಕೊಳ್ಳುವುದಿಲ್ಲ. ಅದಕ್ಕೇ ಎರಡು ಇಂಧನಗಳ ಪದ್ಧತಿ ಬಳಸುತ್ತಾರೆ. ಗಾಳಿ ಒಳಹೋಗುವ ಪೈಪಿಗೆ ಟಿ ಆಕಾರದ ಜೋಡಣೆ ಹಾಕಿ, ಒಂದು ಕಡೆ ಗಾಳಿ, ಇನ್ನೊಂದು ಕಡೆ ಗ್ಯಾಸ್ ಬರುವಂತೆ ವಾಲ್ವ್ ಇಡುತ್ತಾರೆ. ಮೊದಲು ಡೀಸೆಲ್‌ನಲ್ಲಿ ಶುರು ಮಾಡಿ, ಆಮೇಲೆ ಗ್ಯಾಸ್ ವಾಲ್ವನ್ನು ನಿಧಾನಕ್ಕೆ ತೆರೆಯಬೇಕು. ಗ್ಯಾಸಿನ ಶಕ್ತಿಗೆ ಎಂಜಿನ್ ವೇಗ ಏರಲು ಹೋಗುತ್ತದೆ. ಆಗ ಗವರ್ನರ್ ತಾನಾಗಿಯೇ ಡೀಸೆಲನ್ನು ಕಡಿಮೆ ಮಾಡುತ್ತದೆ. ಉಳಿದ ಒಂದು ತೊಟ್ಟು ಡೀಸೆಲ್ ಬೆಂಕಿಕಡ್ಡಿಯ ಕೆಲಸ ಮಾಡುತ್ತದೆ. ಒಳ್ಳೆಯ ಲೋಡ್ ಇದ್ದಾಗ ಡೀಸೆಲ್ ನಾಲ್ಕರಲ್ಲಿ ಮೂರು ಪಾಲು, ಕೆಲವೊಮ್ಮೆ ಇನ್ನೂ ಹೆಚ್ಚು ಉಳಿಯುತ್ತದೆ. ಆದರೆ ಎಂಜಿನ್ನಿನ ಗರಿಷ್ಠ ಶಕ್ತಿ ಐದರಲ್ಲಿ ಒಂದು ಪಾಲಿನಷ್ಟು ಇಳಿಯುತ್ತದೆ.

ಕಣ್ಣಿಗೆ ಕಾಣದ ವಿಷ

ಈ ಭಾಗವನ್ನು ಯಾರೂ ಬಿಟ್ಟು ಓದಬಾರದು. ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಇದನ್ನು ಹಿಡಿದುಕೊಳ್ಳುತ್ತದೆ. ಮೊದಲು ತಲೆನೋವು, ತಲೆಸುತ್ತು, ವಾಕರಿಕೆ. ಆಮೇಲೆ ಪ್ರಜ್ಞೆ ತಪ್ಪುತ್ತದೆ. ಸೌದೆ ಗ್ಯಾಸಿನ ಐದನೇ ಒಂದು ಪಾಲು ಇದೇ ವಿಷ.

ಎಂಜಿನ್ ಓಡುವಾಗ ಅದು ಗ್ಯಾಸನ್ನು ಒಳಗೆಳೆಯುತ್ತಿರುತ್ತದೆ. ಪೈಪಿನಲ್ಲಿ ಸಂದು ಇದ್ದರೆ ಗಾಳಿ ಒಳಹೋಗುತ್ತದೆ. ಗ್ಯಾಸಿನ ಜೊತೆ ಗಾಳಿ ಸೇರಿದರೆ ಸ್ಫೋಟವಾಗಬಹುದು. ಬ್ಲೋವರ್‌ನಿಂದ ಗಾಳಿ ಒತ್ತಿ ಒಲೆ ಹೊತ್ತಿಸುವಾಗ ಮತ್ತು ಎಂಜಿನ್ ನಿಲ್ಲಿಸಿದ ಮೇಲೆ ಗ್ಯಾಸ್ ಹೊರಕ್ಕೆ ಬರುತ್ತದೆ. ಆದ್ದರಿಂದ ಗ್ಯಾಸಿಫೈಯರ್ ಬಯಲಿನಲ್ಲಿ ಅಥವಾ ಗೋಡೆಯಿಲ್ಲದ ಶೆಡ್ಡಿನಲ್ಲಿರಬೇಕು. ತಿಳಿದವರ ಜೊತೆಯಿಲ್ಲದೆ ವಿಡಿಯೋ ನೋಡಿ ಮನೆಯಲ್ಲಿ ಪ್ರಯೋಗ ಮಾಡಬಾರದು. ಗ್ಯಾಸ್ ತೊಳೆದ ನೀರಿನಲ್ಲೂ ವಿಷಕಾರಿ ಪದಾರ್ಥಗಳಿರುತ್ತವೆ. ಅದನ್ನು ಚರಂಡಿಗೋ ಬಾವಿ ಪಕ್ಕಕ್ಕೋ ಚೆಲ್ಲುವಂತಿಲ್ಲ.

ಎಂಜಿನ್ನಿನ ಮಾತು ಬಿಡಿ, ಚಳಿಗಾಲದಲ್ಲಿ ಕೋಣೆಯ ಬಾಗಿಲು ಕಿಟಕಿ ಮುಚ್ಚಿ ಇದ್ದಿಲಿನ ಸಿಗಡಿ ಇಟ್ಟು ಮಲಗುವುದೂ ಇದೇ ಅಪಾಯ. ಬಾಣಂತಿ ಮನೆಗಳಲ್ಲಿ ಇದನ್ನು ಮಾಡುವವರಿದ್ದಾರೆ. ದಯವಿಟ್ಟು ಮನೆಯಲ್ಲಿ ಹೇಳಿ.

ಹೊಸಹಳ್ಳಿಯ ಪಾಠ

ಸೌದೆ ಗ್ಯಾಸಿನ ಬಗ್ಗೆ ಓದುತ್ತಾ ಹೋದಂತೆ ನಮ್ಮ ನಾನಾರ ತಾಲ್ಲೂಕಿನ ಹೆಸರೇ ಎದುರಾಯಿತು. ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನಕ್ಕಾಗಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊ. ಅಮೂಲ್ಯ ರೆಡ್ಡಿಯವರ ನೇತೃತ್ವದಲ್ಲಿ 'ಅಸ್ತ್ರ' ಎಂಬ ಕೇಂದ್ರ ಆರಂಭವಾಗಿತ್ತು. ಆ ಸಂಸ್ಥೆಯ ವಿಜ್ಞಾನಿಗಳು 1988ರಲ್ಲಿ ಕುಣಿಗಲ್ ತಾಲ್ಲೂಕಿನ ಹೊಸಹಳ್ಳಿಯಲ್ಲಿ ಸೌದೆ ಗ್ಯಾಸಿನಿಂದ ವಿದ್ಯುತ್ ತಯಾರಿಸಿದರು. ಆಗ ಆ ಊರಿಗೆ ಕರೆಂಟ್ ಇರಲಿಲ್ಲ. ಮೊದಲ ವ್ಯವಸ್ಥೆ 3.7 ಕಿಲೋವಾಟ್, ಅಂದರೆ ಸುಮಾರು 5 ಎಚ್.ಪಿ. ನಮ್ಮ ಶೆಡ್ಡಿನ ಎಂಜಿನ್ನಿಗಿಂತಲೂ ಸ್ವಲ್ಪ ಚಿಕ್ಕದು! ಅದರಿಂದ ಮನೆಗಳಿಗೆ ದೀಪ ಬಂತು. ಮುಂದೆ ಕುಡಿಯುವ ನೀರು, ಹಿಟ್ಟಿನ ಗಿರಣಿ, ಹೊಲಕ್ಕೆ ನೀರು. ನಂತರ ವ್ಯವಸ್ಥೆಯನ್ನು 20 ಕಿಲೋವಾಟ್‌ಗೆ ಏರಿಸಿದರು. ಸೌದೆಗೆಂದೇ ಮರಗಳನ್ನೂ ಬೆಳೆಸಿದರು.

2004ರಲ್ಲಿ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಇದರ ವರದಿ ಬಂತು. ನಮ್ಮ ಭೌತಶಾಸ್ತ್ರದ ಮೇಡಂ ಅದನ್ನು ಓದಿ ವಿವರಿಸಿದರು. ಅದರಲ್ಲಿದ್ದ ಎರಡು ಅಂಕಿಗಳನ್ನು ನಾನು ನೋಟ್ ಪುಸ್ತಕದಲ್ಲಿ ಗೆರೆ ಎಳೆದು ಬರೆದುಕೊಂಡೆ. 5 ಕಿಲೋವಾಟ್ ಲೋಡ್ ಇದ್ದಾಗ ಇಂಧನ ಮತ್ತು ನಿರ್ವಹಣೆಯ ಖರ್ಚು ಯೂನಿಟ್ಟಿಗೆ 5.85 ರೂಪಾಯಿ. 20 ಕಿಲೋವಾಟ್ ಲೋಡ್ ಇದ್ದಾಗ 3.34 ರೂಪಾಯಿ. ಅದೇ ಊರು, ಅದೇ ಯಂತ್ರ. ಹೆಚ್ಚು ದುಡಿದಾಗ ಯೂನಿಟ್ಟಿನ ಖರ್ಚು ಇಳಿಯಿತು. ನಾವು ತರಗತಿಯಲ್ಲಿ ಓದುವ ಸ್ಥಿರ ವೆಚ್ಚದ ಪಾಠ ಇದೇ ಅಲ್ಲವೇ?

ನಮ್ಮ ಲೆಕ್ಕ

ಈಗ ಗಿರಣಿಯ ಲೆಕ್ಕ. ಸುಲಭವಾಗಲೆಂದು ದರಗಳನ್ನು ನಾನೇ ಹಿಡಿದಿದ್ದೇನೆ. ನಿಮ್ಮ ಊರಿನ ದರ ಹಾಕಿ ನೀವೂ ನೋಡಬಹುದು.

ಗಂಟೆಗೆ 3 ಯೂನಿಟ್ ವಿದ್ಯುತ್ತಿಗೆ ಸಮನಾದ ಕೆಲಸ ಎಂದುಕೊಳ್ಳೋಣ. ಬರೀ ಡೀಸೆಲ್ ಆದರೆ ಸುಮಾರು 1 ಲೀಟರ್ ಬೇಕು. ಲೀಟರಿಗೆ 90 ರೂಪಾಯಿ ಎಂದರೆ ಗಂಟೆಗೆ 90 ರೂಪಾಯಿ. ಗ್ಯಾಸ್ ಸೇರಿಸಿದರೆ ಕಾಲು ಲೀಟರ್ ಡೀಸೆಲ್‌ಗೆ 22.50 ಮತ್ತು 3 ಕಿಲೋ ಒಣ ಸೌದೆಗೆ, ಕಿಲೋಗೆ 6ರಂತೆ, 18 ರೂಪಾಯಿ. ಒಟ್ಟು 40.50. ಗಂಟೆಗೆ ಉಳಿತಾಯ 49.50 ರೂಪಾಯಿ. ಇದನ್ನು ನೋಡಿ ಮಾಮೂ ಬಹಳ ಖುಷಿಪಟ್ಟರು.

ಆದರೆ ಸೌದೆ ತಾನಾಗಿಯೇ ತುಂಡಾಗುವುದಿಲ್ಲ. ಸೀಳಬೇಕು, ಒಣಗಿಸಬೇಕು, ತುಂಬಬೇಕು, ಬೂದಿ ತೆಗೆಯಬೇಕು, ಫಿಲ್ಟರ್ ತೊಳೆಯಬೇಕು. ದಿನಗೂಲಿ 500 ರೂಪಾಯಿ, ಎಂಟು ಗಂಟೆ ಕೆಲಸ ಎಂದರೆ ಗಂಟೆಗೆ 62.50. ಗ್ಯಾಸಿಫೈಯರ್ ಮತ್ತು ಫಿಲ್ಟರ್‌ಗೆ 1 ಲಕ್ಷ ರೂಪಾಯಿ, ಹತ್ತು ವರ್ಷ ಬಾಳಿಕೆ ಎಂದುಕೊಂಡರೆ ಸ್ಥಿರ ಕಂತಿನ ವಿಧಾನದಲ್ಲಿ ವರ್ಷಕ್ಕೆ 10,000 ಸವಕಳಿ. ವರ್ಷಕ್ಕೆ 250 ದಿನ ಓಡಿದರೆ ದಿನಕ್ಕೆ 40 ರೂಪಾಯಿ.

ದಿನಕ್ಕೆ 4 ಗಂಟೆ ಓಡಿಸಿದರೆ: ಉಳಿತಾಯ 198 ರೂಪಾಯಿ. ಎರಡು ಗಂಟೆಯ ಕೂಲಿ 125, ಸವಕಳಿ 40. ಕೈಯಲ್ಲಿ ಉಳಿಯುವುದು 33 ರೂಪಾಯಿ.

ದಿನಕ್ಕೆ 1 ಗಂಟೆ ಓಡಿಸಿದರೆ: ಉಳಿತಾಯ 49.50. ಒಲೆ ಹೊತ್ತಿಸಿ, ಕೊನೆಗೆ ತೊಳೆದಿಡಲು ಕನಿಷ್ಠ ಒಂದು ಗಂಟೆಯ ಕೂಲಿ 62.50, ಸವಕಳಿ 40. ನಷ್ಟ 53 ರೂಪಾಯಿ.

ಮಾಮೂ ಗಿರಣಿಯಲ್ಲಿ ಕರೆಂಟ್ ಹೋಗುವುದು ದಿನಕ್ಕೆ ಸರಾಸರಿ ಒಂದು ಗಂಟೆ. ಅದೂ ಯಾವಾಗ ಎಂದು ಹೇಳಿ ಹೋಗುವುದಿಲ್ಲ. ಒಲೆ ಹೊತ್ತಿಸಿ ಗ್ಯಾಸ್ ಸರಿಯಾಗುವ ಹೊತ್ತಿಗೆ ಕರೆಂಟ್ ಬಂದಿರುತ್ತದೆ. ನಾನು ಈ ಹಾಳೆಯನ್ನು ಮಾಮೂ ಮುಂದಿಟ್ಟೆ. ಅವರು ಎರಡು ಸಲ ಕೂಡಿ ಕಳೆದು ನೋಡಿದರು. ಕೊನೆಗೆ, ಗ್ಯಾಸಿಫೈಯರ್ ಬೇಡ, ರಿಪೇರಿಯಾದ ಎಂಜಿನ್ನನ್ನು ಡೀಸೆಲ್‌ನಲ್ಲೇ ಇಟ್ಟುಕೊಳ್ಳುವುದು ಎಂದು ತೀರ್ಮಾನವಾಯಿತು. ಗುಜರಿಗೂ ಕೊಡಲಿಲ್ಲ. ಅಬ್ಬಾ ಮಾತು ಅರ್ಧ, ಮಾಮೂ ಮಾತು ಅರ್ಧ ಗೆದ್ದಿತು.

ಹಾಗಾದರೆ ಯಾರಿಗೆ ಲಾಭ?

ಪ್ರತಿದಿನ ಆರೆಂಟು ಗಂಟೆ ಡೀಸೆಲ್ ಸುಡುವವರಿಗೆ, ತೆಂಗಿನ ಚಿಪ್ಪೋ ಮರದ ತುಂಡೋ ತಮ್ಮಲ್ಲೇ ಮಿಗುವವರಿಗೆ, ಜೊತೆಗೆ ಒಲೆ ನೋಡಿಕೊಳ್ಳುವ ತಾಳ್ಮೆಯ ಆಳು ಇರುವವರಿಗೆ. ಕರೆಂಟೇ ಇಲ್ಲದ ಹೊಸಹಳ್ಳಿಗೆ ಇದು ಬೆಳಕು ಕೊಟ್ಟಿತು. ಅಲ್ಲಿ ಲೆಕ್ಕ ಹಾಕಬೇಕಾದದ್ದು ಬರೀ ಡೀಸೆಲ್ ಉಳಿತಾಯವನ್ನಲ್ಲ, ಕತ್ತಲಲ್ಲಿ ಓದುತ್ತಿದ್ದ ಮಕ್ಕಳನ್ನೂ, ದೂರದಿಂದ ನೀರು ಹೊರುತ್ತಿದ್ದ ಹೆಂಗಸರನ್ನೂ.

ಸೌದೆಗಾಗಿ ನಿಂತ ಮರ ಕಡಿಯುವುದಾದರೆ ಇನ್ನೊಂದು ಮಾತು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಸ್ವಂತ ಜಾಗದ ಮರಕ್ಕೂ ಸಾಮಾನ್ಯವಾಗಿ ಅನುಮತಿ ಬೇಕು. ತೆಂಗು, ನೀಲಗಿರಿ, ಗಾಳಿಮರ, ಸಿಲ್ವರ್ ಓಕ್‌ನಂಥ ಕೆಲವಕ್ಕೆ ಮಾತ್ರ ವಿನಾಯಿತಿ. ಬೆಳೆಸಿದಷ್ಟನ್ನೇ ಸುಟ್ಟರೆ ಈ ವಿದ್ಯೆ ಬಾಳುತ್ತದೆ, ಇಲ್ಲದಿದ್ದರೆ ಡೀಸೆಲ್ ಉಳಿಸಲು ಹೋಗಿ ಕಾಡು ಕಳೆದುಕೊಂಡಂತೆ.

ನಮ್ಮ ಕಾಲೇಜಿನಲ್ಲಿ ಸೈನ್ಸ್ ಮತ್ತು ಕಾಮರ್ಸ್ ವಿಭಾಗಗಳು ಎದುರುಬದುರು ಕಟ್ಟಡದಲ್ಲಿವೆ. ಈ ಲೇಖನಕ್ಕಾಗಿ ನಾನು ಅಂಗಳ ದಾಟಿ ನಾಲ್ಕೈದು ಸಲ ಆ ಕಡೆ ಹೋಗಿ ಕೇಳಿಕೊಂಡು ಬಂದೆ. ಮುಂದಿನ ಸಲ ಸೈನ್ಸ್ ಗೆಳತಿಯರು ಯಾವುದಾದರೂ ಯಂತ್ರ ಆರಿಸಿಕೊಂಡು ಈ ಕಡೆ ಬರಲಿ. ಅದು ಹೇಗೆ ಓಡುತ್ತದೆ ಎಂದು ಅವರು ಹೇಳಲಿ, ಎಷ್ಟು ಗಂಟೆ ಓಡಿದರೆ ಗಿಟ್ಟುತ್ತದೆ ಎಂದು ನಾವು ಹೇಳುತ್ತೇವೆ.